ಮೊಲ ಎಲ್ಲಿ ಹೋಯಿತು?

ನಮಸ್ಕಾರ.

ಮಿದುಳಿನಲ್ಲಿ ಸಂದೇಶ ಸಾಗಿಸುವ ಡೋಪಮೈನ್ ಎಂಬ ರಾಸಾಯನಿಕದ ಬಗ್ಗೆ ನಮ್ಮ ಪತ್ರಿಕೆಗೆ ನೀವು ಕಳಿಸಿದ ‘ಡೋಪಮೈನ್ ಮತ್ತು ನಮ್ಮ ಚಲನೆ’ ಲೇಖನವನ್ನು ಎರಡು ಸಲ ಓದಿದೆ. ಸರ್ಪಗಂಧಿ ಎಂಬ ಔಷಧಿ ಗಿಡದ ಬೇರಿನಿಂದ ಶುರು ಮಾಡಿದ್ದು ಚೆನ್ನಾಗಿದೆ. ತಪ್ಪಕ್ಷರಗಳಿಲ್ಲ, ಉದ್ದವೂ ಹದವಾಗಿದೆ. ಆದರೆ ಮೂರನೇ ಪುಟಕ್ಕೆ ಬಂದಾಗ ನನಗೆ ಸಿಟ್ಟು ಬಂತು. ರಾತ್ರಿ ಮಲಗಿದ ಮೇಲೂ ಆ ಪುಟವೇ ತಲೆಯಲ್ಲಿತ್ತು. ಹಾಗಾಗಿ ಉಳಿದದ್ದನ್ನು ಬಿಟ್ಟು ಅದರ ಬಗ್ಗೆ ಮಾತ್ರ ಬರೆಯುತ್ತೇನೆ.

ನಿಮ್ಮ ಸಾಲು ಇದು: ‘1957ರಲ್ಲಿ ಸ್ವೀಡನ್ನಿನ ವಿಜ್ಞಾನಿ ಅರ್ವಿಡ್ ಕಾರ್ಲ್‌ಸನ್ ಅವರಿಂದ ಪ್ರಾಣಿಗಳ ಮೇಲೆ ನಡೆಸಲ್ಪಟ್ಟ ಪ್ರಯೋಗಗಳಲ್ಲಿ ಚಲನೆಯ ಕುಂಠಿತತೆ ಕಂಡುಬಂದಿತು.’

ಯಾವ ಪ್ರಾಣಿ? ಆನೆಯೂ ಪ್ರಾಣಿಯೇ, ಇರುವೆಯೂ ಪ್ರಾಣಿಯೇ. ಅವು ಮೊಲಗಳು. ಜೊತೆಗೆ ಇಲಿಗಳೂ ಇದ್ದವು. ಸರ್ಪಗಂಧಿಯಿಂದ ತೆಗೆದ ರಿಸರ್ಪಿನ್ ಎಂಬ ಮದ್ದು ಚುಚ್ಚಿದ ಮೇಲೆ ಆ ಮೊಲಗಳು ಇದ್ದಲ್ಲೇ ಕುಸಿದು ಕೂತವು. ಕಿವಿ ಜೋತುಬಿದ್ದವು. ಉಸಿರಾಟ ಇದೆ, ಜೀವ ಇದೆ, ಮೈ ಮಾತ್ರ ಅಲ್ಲಾಡುತ್ತಿಲ್ಲ. ಇಷ್ಟನ್ನೂ ‘ಚಲನೆಯ ಕುಂಠಿತತೆ’ ಎಂಬ ಎರಡು ಪದದಡಿ ಹೂತುಬಿಟ್ಟಿದ್ದೀರಿ. ‘ಅವರಿಂದ ನಡೆಸಲ್ಪಟ್ಟ’ ಅಂತ ನಿಮ್ಮ ಮನೆಯಲ್ಲಿ ಯಾರಾದರೂ ಮಾತಾಡುತ್ತಾರಾ? ‘ಕಾರ್ಲ್‌ಸನ್ ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ಮೊಲಗಳು ಅಲ್ಲಾಡಲಿಲ್ಲ.’ ಇಷ್ಟು ಸಾಕು.

ನಾನು ಈ ಕೆಲಸಕ್ಕೆ ಸೇರಿದ ಮೊದಲ ವರ್ಷ ರೇಷ್ಮೆ ಹುಳುವಿನ ಬಗ್ಗೆ ಬರೆದಿದ್ದೆ. ‘ಪೊರೆ ಕಳಚುವ ಮುನ್ನ ಹುಳುವು ಆಹಾರ ಸೇವನೆ ಹಾಗೂ ಚಲನೆಯನ್ನು ಸ್ಥಗಿತಗೊಳಿಸುತ್ತದೆ’ ಎಂಬ ಸಾಲಿತ್ತು. ಆ ಸಾಲಿನ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ನಮ್ಮ ಹಿರಿಯ ಸಂಪಾದಕರು ಹಾಳೆ ಮಡಿಸಿ ವಾಪಸ್ ಕೊಟ್ಟರು. ‘ಹುಳ ನೋಡಿದ್ದೀಯೇನಪ್ಪಾ?’ ಎಂದರು. ಇಲ್ಲ ಅಂದೆ. ಮಾರನೇ ದಿನ ಮೊದಲ ಬಸ್ಸಿಗೆ ಶಿಡ್ಲಘಟ್ಟದ ಕಡೆ ಕಳಿಸಿದರು. ಹುಳ ಸಾಕುವ ಮನೆಯೊಂದರಲ್ಲಿ ತಟ್ಟೆ ತುಂಬ ಹುಳಗಳು ತಲೆ ಎತ್ತಿಕೊಂಡು ಹಾಗೇ ನಿಂತಿದ್ದವು. ಪಕ್ಕದಲ್ಲೇ ಉಳಿದಿದ್ದ ಸೊಪ್ಪನ್ನು ಒಂದೂ ಮುಟ್ಟುತ್ತಿರಲಿಲ್ಲ. ನಾನು ಕೈ ಚಾಚಿದೆ. ‘ಜ್ವರಕ್ಕೆ ಕೂತವೆ ಸ್ವಾಮಿ, ಮುಟ್ಬೇಡಿ’ ಅಂದರು ಮನೆಯಾಕೆ. ಪೊರೆ ಬಿಡುವ ಆ ಹೊತ್ತಿಗೆ ಅವರು ಇಟ್ಟ ಹೆಸರು ಜ್ವರ. ಊರಿಗೆ ಬಂದು ಆ ಎತ್ತಿದ ತಲೆಗಳಿಂದಲೇ ಲೇಖನ ಶುರು ಮಾಡಿದೆ. ಹಿರಿಯರು ಏನೂ ಹೇಳದೆ ಅಚ್ಚಿಗೆ ಕಳಿಸಿದರು.

ಸ್ವೀಡನ್ನಿಗೆ ಹೋಗಿ ಬನ್ನಿ ಅಂತ ನಾನು ಹೇಳಲಾರೆ. ಆದರೆ ಆ ಮೊಲಗಳ ಫೋಟೋ ಇದೆ. ಕುಸಿದು ಕೂತಾಗಿನದು ಒಂದು, ಮತ್ತೆ ಎದ್ದ ಮೇಲಿನದು ಒಂದು. ಅದನ್ನು ಎದುರಿಗಿಟ್ಟುಕೊಂಡು ಬರೆಯಿರಿ.

ಈಗ ಅದರ ಮುಂದಿನ ಸಾಲು: ‘ನಂತರ ಡೋಪಮೈನ್ ನೀಡಿದಾಗ ಪ್ರಾಣಿಗಳು ಚೇತರಿಸಿಕೊಂಡವು.’

ಇದು ಬರೀ ಶೈಲಿಯ ಮಾತಲ್ಲ, ತಪ್ಪೇ. ಕಾರ್ಲ್‌ಸನ್ ಕೊಟ್ಟಿದ್ದು ಡೋಪಮೈನ್ ಅಲ್ಲ, ಡೋಪಾ. ಸುಮ್ನೆ ಒಂದೆರಡು ಅಕ್ಷರದ ವ್ಯತ್ಯಾಸ ಅಂದುಕೊಳ್ಳಬೇಡಿ. ರಕ್ತದಲ್ಲಿರುವ ಡೋಪಮೈನ್ ಮಿದುಳಿನೊಳಗೆ ಹೋಗುವುದಿಲ್ಲ, ರಕ್ತ ಮತ್ತು ಮಿದುಳಿನ ನಡುವಿನ ತಡೆ ಅದನ್ನು ಬಿಡುವುದಿಲ್ಲ. ಐಸಿಯುನಲ್ಲಿ ಬಿಪಿ ಕುಸಿದವರಿಗೆ ಡೋಪಮೈನ್ ಡ್ರಿಪ್ ಹಾಕುವುದುಂಟು. ಅದು ಹೃದಯದ ಬಡಿತಕ್ಕೆ ಬಲ ಕೊಡುತ್ತದೆ, ಬಿಪಿ ಏರಿಸುತ್ತದೆ. ಅದರ ಕೆಲಸವೆಲ್ಲ ಮಿದುಳಿನ ಹೊರಗೆ. ಡೋಪಾ ಹಾಗಲ್ಲ, ಅದೊಂದು ಅಮೈನೋ ಆಮ್ಲ. ಮಿದುಳಿನ ಬಾಗಿಲು ಅದಕ್ಕೆ ತೆರೆಯುತ್ತದೆ. ಒಳಗೆ ಹೋದ ಮೇಲೆ ಅದು ಡೋಪಮೈನ್ ಆಗುತ್ತದೆ.

ಇದಕ್ಕೇಕೆ ಇಷ್ಟು ಹಟ ಅಂತೀರಾ? ನಮ್ಮ ಓದುಗರಲ್ಲಿ, ಮಿದುಳಿನಲ್ಲಿ ಡೋಪಮೈನ್ ಕಡಿಮೆಯಾಗಿ ಚಲನೆ ಕಷ್ಟವಾಗುವ ಪಾರ್ಕಿನ್ಸನ್ ಕಾಯಿಲೆ ಇರುವ ಅಪ್ಪನಿಗೆ ದಿನಾ ಹೊತ್ತು ಹೊತ್ತಿಗೆ ಮಾತ್ರೆ ಕೊಡುವವರಿದ್ದಾರೆ. ಆ ಪಟ್ಟಿಯ ಮೇಲೆ ‘ಲೆವೊಡೋಪಾ, ಕಾರ್ಬಿಡೋಪಾ’ ಅಂತ ಇರುತ್ತದೆ. ಲೆವೊಡೋಪಾ ಡೋಪಾದ್ದೇ ಒಂದು ರೂಪ, ಅದು ದಾರಿಯಲ್ಲೇ ಡೋಪಮೈನ್ ಆಗಿಬಿಡದಂತೆ ಕಾರ್ಬಿಡೋಪಾ ತಡೆಯುತ್ತದೆ. ಅದಿಲ್ಲದಿದ್ದರೆ ವಾಕರಿಕೆ ಜಾಸ್ತಿ, ಮಿದುಳಿಗೆ ತಲುಪುವುದು ಕಡಿಮೆ. ನಿಮ್ಮ ಸಾಲನ್ನು ನಂಬಿದವರಿಗೆ ಆ ಮಾತ್ರೆಯಲ್ಲಿ ಡೋಪಮೈನ್ ಯಾಕಿಲ್ಲ ಎಂದು ಯಾವತ್ತೂ ತಿಳಿಯುವುದಿಲ್ಲ.

‘ಚೇತರಿಸಿಕೊಂಡವು’ ಅನ್ನುವುದನ್ನೂ ನಾನು ಬಿಡಲಾರೆ. ಹೇಗೆ? ಎಷ್ಟು ಹೊತ್ತಿಗೆ? ಆ ಎರಡು ಫೋಟೋಗಳ ನಡುವೆ ಇರುವುದು ಸುಮಾರು 15 ನಿಮಿಷ. ಜೋತುಬಿದ್ದ ಕಿವಿಗಳು ನೆಟ್ಟಗಾದವು, ಮೊಲ ತಲೆ ಎತ್ತಿ ಕೂತಿತು. ಇನ್ನೊಂದು ಮಾತು ನಿಮ್ಮ ಲೇಖನದಲ್ಲಿ ಬಂದೇ ಇಲ್ಲ. ಆಗ ಡೋಪಮೈನನ್ನು ಹೆಚ್ಚಿನವರು ಲೆಕ್ಕಕ್ಕೆ ಇಟ್ಟಿರಲಿಲ್ಲ, ಅದು ನಾರ್‌ಅಡ್ರಿನಲಿನ್ ಎಂಬ ಇನ್ನೊಂದು ರಾಸಾಯನಿಕ ಆಗುವ ದಾರಿಯ ಒಂದು ಮೆಟ್ಟಿಲು ಅಂತ ಭಾವಿಸಿದ್ದರು. ಎದ್ದು ಕೂತ ಪ್ರಾಣಿಗಳ ಮಿದುಳಿನಲ್ಲಿ ನಾರ್‌ಅಡ್ರಿನಲಿನ್ ತುಂಬಿರುತ್ತದೆ ಅಂದುಕೊಂಡು ಹುಡುಕಿದರು. ರಿಸರ್ಪಿನ್ ಬರಿದು ಮಾಡಿದ್ದ ಅದು ಇನ್ನೂ ಬರಿದಾಗಿಯೇ ಇತ್ತು. ಹಾಗಾದರೆ ಎಬ್ಬಿಸಿದ್ದು ಯಾವುದು? 1958ರಲ್ಲಿ ಕಾರ್ಲ್‌ಸನ್ ಮತ್ತು ಜೊತೆಗಾರರು ಡೋಪಮೈನನ್ನೇ ಅಳೆಯುವ ದಾರಿ ಕಂಡುಕೊಂಡು, ಅದು ಮಿದುಳಿನಲ್ಲಿದೆ ಎಂದು ತೋರಿಸಿದರು. 2000ದಲ್ಲಿ ನೊಬೆಲ್ ಬಂತು ಎಂದು ಒಂದಿಡೀ ಪ್ಯಾರಾ ಬರೆದಿದ್ದೀರಲ್ಲ, ಅದನ್ನು ಒಂದೇ ಸಾಲಿಗೆ ಇಳಿಸಿ ಆ ಜಾಗವನ್ನು ಈ ಹುಡುಕಾಟಕ್ಕೆ ಕೊಡಿ.

ಮೂರನೇ ಪುಟವನ್ನು ಪೂರ್ತಿ ಹೊಸದಾಗಿ ಬರೆಯಿರಿ. ಈ ತಿಂಗಳ 25ರೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ತೆಗೆದುಕೊಳ್ಳುತ್ತೇನೆ. ಸರ್ಪಗಂಧಿಯ ಭಾಗ ಮುಟ್ಟಬೇಡಿ, ಅದು ಹಾಗೇ ಇರಲಿ.