ಸಕ್ಕರೆ ಮಟ್ಟ ನೋಡಲು ತೋಳಿಗೆ ಅಂಟಿಸುವ ಶುಗರ್ ಸೆನ್ಸರ್ ಹಾಕಿದ ಮೇಲೆ ಸೂಜಿ ಚರ್ಮದೊಳಗೇ ಇರುತ್ತಾ?

ಇಲ್ಲ, ಸೂಜಿ ಒಳಗೆ ಉಳಿಯುವುದಿಲ್ಲ. ತೋಳಿನ ಹಿಂಭಾಗವನ್ನು ಸ್ಪಿರಿಟ್‌ನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಅಪ್ಲಿಕೇಟರ್ (ಸೆನ್ಸರ್ ಕೂರಿಸುವ ಸಾಧನ) ಇಟ್ಟು ಒತ್ತಿದರೆ ‘ಟಕ್’ ಅನ್ನುತ್ತದೆ. ಸೂಜಿ ಒಳಹೋಗಿ ತಕ್ಷಣ ವಾಪಸ್ ಬರುತ್ತದೆ. ಉಳಿಯುವುದು ಸುಮಾರು 5 ಮಿಲಿಮೀಟರ್ ಉದ್ದದ, ಬಾಗುವ ತೆಳು ಎಳೆ ಮಾತ್ರ. ಹೆಚ್ಚಿನ ಸೆನ್ಸರ್‌ಗಳು 7ರಿಂದ 15 ದಿನ ಬಾಳುತ್ತವೆ.

ಆ ಎಳೆ ಇರುವುದು ರಕ್ತದಲ್ಲಲ್ಲ, ಜೀವಕೋಶಗಳ ನಡುವಿನ ನೀರಿನಂಥ ದ್ರವದಲ್ಲಿ. ಎಳೆಯ ಮೇಲಿನ ಕಿಣ್ವಕ್ಕೆ ಗ್ಲೂಕೋಸ್ ತಾಗಿದಾಗ ಹುಟ್ಟುವ ಸಣ್ಣ ವಿದ್ಯುತ್ತನ್ನು ಸೆನ್ಸರ್ ಅಳೆದು, ಶುಗರ್ ಅಂಕಿಯಾಗಿ ಮೊಬೈಲಿಗೆ ಕಳಿಸುತ್ತದೆ. ಸಕ್ಕರೆ ಮೊದಲು ರಕ್ತಕ್ಕೆ ಬಂದು ಆಮೇಲೆ ಈ ದ್ರವಕ್ಕೆ ಇಳಿಯುತ್ತದೆ, ಅಲ್ವಾ? ಹಾಗಾಗಿ ಸೆನ್ಸರ್ ಕೆಲವು ನಿಮಿಷ ಹಿಂದೆ ಇರುತ್ತದೆ. ಶುಗರ್ ಕುಸಿದಂತೆ ಮೈ ನಡುಗುತ್ತಿದ್ದರೂ ಅಂಕಿ ಸರಿಯಾಗಿದ್ದರೆ ಅದನ್ನು ನಂಬಿ ಕೂರಬೇಡಿ, ಬೆರಳು ಚುಚ್ಚಿ ನೋಡಿ.

ವೈದ್ಯರು ಇದನ್ನು ಮುಖ್ಯವಾಗಿ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಬರೆದುಕೊಡುತ್ತಾರೆ. ಸೂಚನೆಯೇ ಇಲ್ಲದೆ ಶುಗರ್ ಕುಸಿಯುವವರಿಗಂತೂ ಇದು ತುಂಬಾ ಮುಖ್ಯ. ಎಷ್ಟಕ್ಕೆ ಇಳಿದರೆ ಅಲಾರಂ ಹೊಡೆಯಬೇಕು ಅಂತ ಅವರನ್ನೇ ಕೇಳಿ. ಇನ್ನೊಂದು ವಿಷಯ, ಸೆನ್ಸರ್ ಇರುವ ತೋಳಿನ ಮೇಲೆ ಮಲಗಬೇಡಿ. ಒತ್ತಡ ಬಿದ್ದು ರಾತ್ರಿಯೆಲ್ಲ ಸುಮ್ನೆ ಕಡಿಮೆ ಅಂಕಿ ತೋರಿಸಬಹುದು.