ದಾವಣಗೆರೆಯಲ್ಲಿದ್ದೇನೆ, ಚಳಿಗಾಲದಲ್ಲಿ ಒಮ್ಮೆ ಮನಾಲಿಗೂ ಹೋಗುವ ಆಸೆ. ಫೋರ್ ವೀಲ್ ಡ್ರೈವ್ ಕಾರೇ ಬೇಕಾ?

ಬೇಕಿಲ್ಲ, ವಾರಕ್ಕೊಮ್ಮೆ ಹೊಲಕ್ಕೆ ಕಾರು ಇಳಿಸುವವರಲ್ಲದಿದ್ದರೆ.

ಎಂಜಿನ್ ಶಕ್ತಿ ಯಾವ ಚಕ್ರಕ್ಕೆ ಹೋಗುತ್ತದೆ ಅಂತ ಮೊದಲು ಕೇಳಿ. ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ ಮುಂದಿನ ಎರಡಕ್ಕೆ ಮಾತ್ರ. ಎಂಜಿನ್ ಭಾರವೂ ಅವುಗಳ ಮೇಲೇ ಇರುವುದರಿಂದ ಹಿಡಿತ ಚೆನ್ನಾಗಿರುತ್ತದೆ. ಚಿತ್ರದುರ್ಗದ ಹೆದ್ದಾರಿಗೆ ಇದು ಧಾರಾಳ ಸಾಕು.

ನಮ್ಮಲ್ಲಿ ಹಿಮ ಇಲ್ಲ, ಎರೆಮಣ್ಣು ಇದೆ ಅಲ್ವಾ? ಮಳೆಯ ಮಾರನೇ ದಿನ ಹೊಲದ ದಾರಿಯಲ್ಲಿ ನನ್ನ ಕಾರು ಸಿಕ್ಕಿಕೊಂಡಿತ್ತು. ಟೈರಿನ ಗೀರುಗಳಲ್ಲೆಲ್ಲ ಜಿಗುಟು ಮಣ್ಣು ಮೆತ್ತಿತ್ತು. ಒಂದು ಚಕ್ರ ಸುಮ್ನೆ ಗಿರಗಿರ ತಿರುಗಿತು, ಪಕ್ಕದ್ದು ಅಲ್ಲಾಡಲೇ ಇಲ್ಲ. ಮಾಮೂಲಿ ಡಿಫರೆನ್ಷಿಯಲ್ (ಎಡ-ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರು) ಹಾಗೇ, ಹಿಡಿತ ತಪ್ಪಿದ ಚಕ್ರವನ್ನೇ ತಿರುಗಿಸುತ್ತದೆ. ಹಿಮದಲ್ಲೂ ಇದೇ ಕಥೆ.

ನಾಲ್ಕೂ ಚಕ್ರಕ್ಕೆ ಶಕ್ತಿ ಹೋದರೆ ಹೊರಡುವುದು, ಏರು ಹತ್ತುವುದು ಸುಲಭ. ಆದರೆ ಬ್ರೇಕ್ ಹಾಕಿದಾಗ ಅದರಿಂದ ಲಾಭವಿಲ್ಲ. ದಯವಿಟ್ಟು ಇದನ್ನು ಮರೆಯಬೇಡಿ. ಆಗ ಕಾಪಾಡುವುದು ಟೈರು. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ನಮ್ಮ ಮಾಮೂಲಿ ಟೈರಿನ ರಬ್ಬರ್ ಗಟ್ಟಿಯಾಗಿ ಹಿಡಿತ ಕಡಿಮೆಯಾಗುತ್ತದೆ. ಚಳಿಗಾಲದ ಟೈರಿನ ರಬ್ಬರ್ ಮೆತ್ತಗೇ ಇರುತ್ತದೆ.

ಒಂದೇ ಪ್ರವಾಸಕ್ಕೆ ಲಕ್ಷಗಟ್ಟಲೆ ಜಾಸ್ತಿ ಕೊಡಬೇಡಿ. ಹಿಮದ ದಾರಿಗೆ ಅಲ್ಲಿನ ಚಾಲಕರ ಗಾಡಿಯನ್ನೇ ಬಾಡಿಗೆಗೆ ಹಿಡಿಯಿರಿ.