ಬಿಚ್ಚಿದವನೇ ಹಾಕಿದ ಮೇಲೂ ಬರೆಯಬೇಕಾ?

ಪ್ರಶ್ನೆ: ನಾನು ವಿಮಾನ ರಿಪೇರಿ ಹ್ಯಾಂಗರ್‌ನಲ್ಲಿ ಟ್ರೈನಿ. ಸಣ್ಣ ಪ್ಯಾನೆಲ್ ಬಿಚ್ಚಿ ಹಾಕಿದರೂ ಬರೆಯಬೇಕು ಅಂತಾರೆ. ಬಿಚ್ಚಿದವನೇ ವಾಪಸ್ ಹಾಕಿದ ಮೇಲೆ ಬರವಣಿಗೆ ಯಾಕೆ ಸರ್?

ಉತ್ತರ: ಬಿಚ್ಚಿದವನೇ ಹಾಕುತ್ತಾನೆ ಅಂತ ಗ್ಯಾರಂಟಿ ಇಲ್ಲ, ಅದಕ್ಕೇ. 1991ರ ಸೆಪ್ಟೆಂಬರ್ 11ರಂದು ಅಮೆರಿಕದ ಟೆಕ್ಸಾಸ್‌ನಲ್ಲಿ ಒಂದು ಎಂಬ್ರೇಯರ್ 120 ವಿಮಾನ ಬಿತ್ತು. ಒಳಗಿದ್ದ 14 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಹಿಂದಿನ ರಾತ್ರಿ ಬಾಲದ ಅಡ್ಡರೆಕ್ಕೆಯ ಎಡಭಾಗದ ಮುಂದಿನ ಅಂಚಿನಿಂದ, ಮೇಲ್ಭಾಗದ 47 ಸ್ಕ್ರೂ ಬಿಚ್ಚಿದ್ದರು. ಅದನ್ನು ವರ್ಕ್ ಕಾರ್ಡ್‌ನಲ್ಲಿ, ಅಂದರೆ ಮಾಡಿದ ಕೆಲಸ ಬರೆದಿಡುವ ಹಾಳೆಯಲ್ಲಿ, ಬರೆಯಲಿಲ್ಲ. ಮುಂದಿನ ಶಿಫ್ಟ್‌ನವರಿಗೆ ಗೊತ್ತಾಗಲೇ ಇಲ್ಲ, ಆ ಸ್ಕ್ರೂ ಹಾಕದೆಯೇ ವಿಮಾನ ಹಾರಿತು. ಬಾಲದ ಮೇಲ್ತುದಿಯ ಜಾಗ ಅದು, ನೆಲದಲ್ಲಿ ನಿಂತರೆ ಕಾಣುವುದೂ ಇಲ್ಲ.

ನಾನು ಈಗಲೂ ಸ್ಕ್ರೂ ಮುಟ್ಟುವ ಮುಂಚೆಯೇ ಒಂದು ಸಾಲು ಬರೆಯುತ್ತೇನೆ. ಒಮ್ಮೆ ಕೆಲಸದ ನಡುವೆ ಎದ್ದು ಹೋಗಬೇಕಾಯಿತು. ಪೈಪಿನ ನಟ್ ಕೈಯಲ್ಲಷ್ಟೇ ತಿರುಗಿಸಿ ಬಿಟ್ಟಿದ್ದೆ. ಬರುವಷ್ಟರಲ್ಲಿ ಜೊತೆಗಾರ ಎಂಜಿನ್ ಕವರ್ ಮುಚ್ಚಲು ನಿಂತಿದ್ದ. ನನ್ನ ಸಾಲು ಓದಿ ಕೈ ತಡೆದಿದ್ದ.

ಏನು ಮಾಡಿದಿರಿ, ಯಾವ ಮ್ಯಾನ್ಯುಯಲ್ ಪ್ರಕಾರ, ತಾರೀಖು, ಹೆಸರು, ಸಹಿ: ಇಷ್ಟು ಬೇಕೇ ಬೇಕು. ವಿಮಾನ ಹಾರಬಹುದು ಅನ್ನುವ ಸಹಿ ಮಾತ್ರ ನಿಮ್ಮದಲ್ಲ, ಆ ಅಧಿಕಾರ ಇರುವ ಇಂಜಿನಿಯರ್‌ದು. ವಿಮಾನವನ್ನು ತಿರುಗಿಸುವ, ಏರಿಳಿಸುವ ಕಂಟ್ರೋಲ್ ಭಾಗಗಳ ಕೆಲಸವನ್ನು ಇನ್ನೊಬ್ಬರು ಬೇರೆಯಾಗಿ ನೋಡಬೇಕು. ನೀವು ನೋಡದ ಕೆಲಸಕ್ಕೆ ಯಾರಾದರೂ ‘ಸುಮ್ನೆ ಒಂದು ಸಹಿ ಹಾಕು’ ಅಂದರೆ ಆಗಲ್ಲ ಅನ್ನಿ, ಎಷ್ಟೇ ಹಿರಿಯರಿರಲಿ.

ಬರೆದದ್ದು ತಪ್ಪಾದರೆ ವೈಟ್ನರ್ ಬೇಡ. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿ ಬರೆದು ಸಹಿ ಮಾಡಿ. ಹಳೆಯದೂ ಓದಲು ಸಿಗಬೇಕು.